ರದ್ದಿ ಚೀಲದಲ್ಲಿ ಸಿಕ್ಕ ಅಂಚುಗಳು

ಗದಗ
ರವಿವಾರ, 1 ಆಗಸ್ಟ್ 2004

ಕೌಸರಳ ತಾಯಿಗೆ,

ಮೌಲಾಸಾಬನ ಸಲಾಮು. ನಾನು ಆರಾಮ ಇದ್ದೇನೆ ಎಂದು ಬರೆಯಬೇಕು, ಎಲ್ಲರೂ ಹಾಗೇ ಶುರು ಮಾಡುತ್ತಾರೆ. ಆದರೆ ನಾನು ದಣಿದಿದ್ದೇನೆ. ಜ್ವರವಲ್ಲ, ನೆಗಡಿಯಲ್ಲ. ಒಂದೂವರೆ ತಿಂಗಳು ಕಾಗದಗಳ ಬೆನ್ನು ಹತ್ತಿ ಓಡಾಡಿದ ದಣಿವು. ಮೊನ್ನೆ ಶುಕ್ರವಾರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿ ಬಂದೆ. ಗಡುವಿಗೆ ಒಂದೇ ದಿನ ಉಳಿದಿತ್ತು. ನಿನ್ನೆ ಇಡೀ ದಿನ ಮಲಗಿದ್ದೆ. ಇವತ್ತು ಪ್ರೆಸ್ಸುಗಳಿಗೆ ಸೂಟಿ. ಅಂಗಡಿಯ ಬಾಗಿಲು ಅರ್ಧ ತೆರೆದು, ಕಟಿಂಗ್ ಮಷೀನಿನ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಾವು ಮನೆಯಲ್ಲಿ ಆಡುವುದು ಉರ್ದು, ನನಗೆ ಬರೆಯಲು ಬರುವುದು ಕನ್ನಡ ಒಂದೇ. ನೀನು ಲಕ್ಷ್ಮೇಶ್ವರದ ಉರ್ದು ಶಾಲೆಯವಳು. ಆದರೂ ಇಪ್ಪತ್ತೆರಡು ವರ್ಷ ಕನ್ನಡ ಪುಸ್ತಕಗಳ ಅಚ್ಚಾದ ಫಾರ್ಮು ಹಾಳೆ ಮಡಚಿ ಮಡಚಿ ಕನ್ನಡ ಓದಲು ಕಲಿತೆ. ಹಾಗಾಗಿ ಇದನ್ನು ನಿಮ್ಮಣ್ಣನ ಕೈಗೆ ಕೊಡದೆ ನೀನೇ ಓದು. ನಮ್ಮ ಹಳ್ಳಿ ಅಂತೂರ ಬೆಂತೂರದಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಯಾರಾದರೊಬ್ಬರು ಹೂಂ ಅನ್ನುತ್ತಿರಬೇಕಿತ್ತು. ಹೂಂ ನಿಂತರೆ ಕಥೆಯನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದಳು, ರಾಜಕುಮಾರ ಬಾವಿಯಲ್ಲೇ ಇರುತ್ತಿದ್ದ. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ನೀನು ನನ್ನ ಕಥೆಗಳಿಗೆಲ್ಲ ಹೂಂ ಅಂದವಳು. ಪತ್ರದಲ್ಲಿ ಆ ಅನುಕೂಲ ಇಲ್ಲ. ನೀನು ಹೂಂ ಅಂದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ಪ್ರೆಸ್ಸಿನವರು, ಸೊಸಾಯಿಟಿಯವರು ನಮ್ಮ ಬೈಂಡಿಂಗ್ ಬಿಲ್ಲಿನಲ್ಲಿ ನೂರಕ್ಕೆ ಎರಡು ರೂಪಾಯಿ ಟ್ಯಾಕ್ಸ್ ಮುರಿದುಕೊಂಡು ಒಂದು ಸರ್ಟಿಫಿಕೇಟು ಕೊಡುತ್ತಾರಲ್ಲ, ರಿಟರ್ನ್ ತುಂಬಿದರೆ ಮಾತ್ರ ಅದು ವಾಪಸು ಬರುತ್ತದೆ. ವರ್ಷವಿಡೀ ಬಂದ ಕಾಗದವನ್ನೆಲ್ಲ ನಾನು ಗೋಡೆಯ ತಂತಿಗೆ ಚುಚ್ಚುತ್ತಿದ್ದೆ. ಮೇ ತಿಂಗಳಲ್ಲಿ ನೀನು ಅದನ್ನು ಇಳಿಸಿ ಏನೋ ಮಾಡುತ್ತಿದ್ದೆ. ಜೂನಿನಲ್ಲಿ ನಾನು ಅದನ್ನು ಚೀಲಕ್ಕೆ ಹಾಕಿಕೊಂಡು, ಟ್ಯಾಕ್ಸ್ ಕೆಲಸ ಮಾಡಿಕೊಡುವ ಸಂಜೀವರ ಮೇಜಿನ ಮೇಲೆ ಇಡುತ್ತಿದ್ದೆ. ಟ್ಯಾಕ್ಸ್ ಅಂದರೆ ನನಗೆ ಗೊತ್ತಿದ್ದದ್ದು ಇಷ್ಟೇ.

ಈ ಸಲ ಮೇ ತಿಂಗಳಲ್ಲಿ ತಂತಿ ಹಾಗೇ ನೇತಾಡುತ್ತಿತ್ತು. ನೀನು ಹೋಗಿ ಮೂರು ತಿಂಗಳಾಗಿತ್ತು.

ಜೂನಿನಲ್ಲಿ ಸಂಜೀವರು ಫೋನು ಮಾಡಿ, ಕಾಗದ ಎಲ್ಲಾ ತಿಂಗಳವಾರು ಜೋಡಿಸಿ ತರಬೇಕು ಎಂದರು. ಜೋಡಿಸುವುದು ನನ್ನ ಕಸುಬು. ಮೂವತ್ತು ವರ್ಷದಿಂದ ಊರಿನವರ ಕಾಗದ ಜೋಡಿಸಿದವನಿಗೆ ತನ್ನ ಕಾಗದ ಏನು ದೊಡ್ಡದು ಎಂದುಕೊಂಡೆ. ತಂತಿಯಿಂದ ಇಳಿಸಿದೆ, ತಾರೀಖು ನೋಡಿ ಸಾಲು ಹಚ್ಚಿದೆ, ಕುಟ್ಟಿ ಸಮ ಮಾಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೈ ನಿಲ್ಲಲಿಲ್ಲ. ದಬ್ಬಣ ಹಾಕಿ ತೂತು ಕೊರೆದೆ, ಹೊಲಿದೆ, ಬೆನ್ನಿಗೆ ಅಂಟು ಹಚ್ಚಿದೆ. ಹೊಲಿದದ್ದು ಬಿಸಿಲಿಗೆ ಒಣಗಿದ ಮೇಲೆ ಮಷೀನಿನಲ್ಲಿ ಇಟ್ಟು ಮೂರೂ ಕಡೆ ಅಂಚು ಕತ್ತರಿಸಿದೆ. ನಮ್ಮ ಕಸುಬಿನಲ್ಲಿ ಅಂಚು ಕತ್ತರಿಸದ ಪುಸ್ತಕ ಮುಖ ತೊಳೆಯದ ಮದುಮಗನಿದ್ದ ಹಾಗೆ. ಕೈಚಟ, ಬೇರೇನಲ್ಲ. ಆಮೇಲೆ ಕೆಂಪು ಬಟ್ಟೆಯ ರಟ್ಟು ಹಾಕಿ, ಬೆನ್ನಿನ ಮೇಲೆ 2003-04 ಎಂದು ಬಂಗಾರದ ಅಕ್ಷರ ಒತ್ತಿದೆ. ನೋಡಿದವರು ಹೈಕೋರ್ಟಿನ ಪುಸ್ತಕ ಅನ್ನಬೇಕು, ಹಾಗಿತ್ತು.

ಸಂಜೀವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆನ್ನಿನ ಮೇಲಿನ ಬಂಗಾರದ ಅಕ್ಷರ ಓದಿದರು.

"ಮೌಲಾಸಾಬ್ರ, ಕಾಗದಾ ಜೋಡಿಸಿ ತರ್ರಿ ಅಂದಿದ್ದೆ. ಲಗ್ನಾ ಮಾಡಿ ತರ್ರಿ ಅಂದಿದ್ದಿಲ್ಲ" ಎಂದರು.

ನಾನು ನಕ್ಕೆ. ಅವರೂ ನಕ್ಕರು. ಮೊದಲ ಪುಟ ತೆಗೆದ ಮೇಲೆ ಅವರ ನಗು ಹೋಯಿತು.

"ಸರ್ಟಿಫಿಕೇಟಿನ ಸಹಿ ಎಲ್ಲೈತ್ರಿ? ಸಿಕ್ಕಾ ಎಲ್ಲೈತಿ?"

ಸಹಿ, ಮೊಹರು ಎರಡೂ ಅಂಚಿಗೆ ಇದ್ದವು ಎಂದೆ.

"ಅಂಚು ಎಲ್ಲೈತಿ?"

ರದ್ದಿ ಚೀಲದಲ್ಲಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒತ್ತಿಕೊಂಡರು. ಆಮೇಲೆ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: ಟ್ಯಾಕ್ಸ್ ಮುರಿದ ಸರ್ಟಿಫಿಕೇಟುಗಳನ್ನು ಕೊಟ್ಟವರ ಹತ್ತಿರ ಹೋಗಿ ಹೊಸದಾಗಿ ಬರೆಸಿಕೊಂಡು ಬರಬೇಕು. ಬಿಲ್ಲು, ಕೂಲಿ ಚೀಟಿಗಳಿಗೆ ಕತ್ತರಿಸಿದ ಅಂಚು ಹುಡುಕಿ ಅಂಟಿಸಿದರೆ ನಡೆಯುತ್ತದೆ. ಇನ್ನು ಮೇಲೆ ತನ್ನ ಆಫೀಸಿಗೆ ಬರುವ ಯಾವ ಕಾಗದವನ್ನೂ ಆ ಮಷೀನಿನ ಹತ್ತಿರ ಒಯ್ಯಬಾರದು.

ಅಲ್ಲಿಂದ ನನ್ನ ಬಸ್ಸಿನ ಸವಾರಿ ಶುರುವಾಯಿತು. ಮುಂಡರಗಿಯ ಸೊಸಾಯಿಟಿಗೆ ಮೂರು ಸಲ ಹೋದೆ. ಮೊದಲ ಸಲ ಸೆಕ್ರೆಟರಿ ಇರಲಿಲ್ಲ. ಎರಡನೇ ಸಲ ಸೆಕ್ರೆಟರಿ ಇದ್ದರು, ಸಿಕ್ಕಾ ಇದ್ದ ಕಪಾಟಿನ ಕೀಲಿ ಇರಲಿಲ್ಲ. ಮೂರನೇ ಸಲ ಎರಡೂ ಇದ್ದವು, ಹಳೆಯ ಸರ್ಟಿಫಿಕೇಟು ಏನಾಯಿತು ಎಂದು ಕೇಳಿದರು. ಇಲಿ ಕಡಿಯಿತು ಎಂದೆ. ಶಿರಹಟ್ಟಿಯ ಶಾಲೆಯಲ್ಲೂ ಇಲಿಯ ಹೆಸರನ್ನೇ ಹೇಳಿದೆ. ಅಲ್ಲಿಯ ಕ್ಲಾರ್ಕು ಬಹಳ ಚೊಕ್ಕ ಮನುಷ್ಯ. ಇಲಿ ಕಡಿದ ಕಾಗದ ತಂದು ತೋರಿಸಿದರೆ ಮಾತ್ರ ಹೊಸದು ಕೊಡುವುದಾಗಿ ಹೇಳಿದ. ತೋರಿಸಿದೆ. ಅಳತೆಪಟ್ಟಿ ಇಟ್ಟ ಹಾಗೆ ನೆಟ್ಟಗೆ ಕಡಿದಿದೆಯಲ್ಲ, ಯಾವ ಊರಿನ ಇಲಿ ಎಂದು ಕೇಳಿದ. ನಿಂತು ನಿಂತು ಕಾಲು ಬಾತಿದ್ದವು. ಅವತ್ತು ನನಗೆ ನಗುವ ಶಕ್ತಿಯೂ ಇರಲಿಲ್ಲ.

ರದ್ದಿಯ ಕಥೆ ಬೇರೆ. ಚೀಲ ಆಗಲೇ ಬೆಟಗೇರಿಯ ಲಾಡಸಾಬನ ಗೋದಾಮಿಗೆ ಹೋಗಿತ್ತು. ಕೊಟ್ಟ ರದ್ದಿಯನ್ನು ತಿರುಗಿ ಬೇಡಲು ಬಂದವನು ಇವನೇ ಮೊದಲಿಗ ಎಂದು ಅವನು ಗೋದಾಮಿನಲ್ಲಿದ್ದವರನ್ನೆಲ್ಲ ಕರೆದು ಹೇಳಿದ. ಆದರೆ ಒಳ್ಳೆಯವನು, ಕೂರಲು ಒಂದು ಗೋಣಿ ಹಾಸಿಕೊಟ್ಟ, ಚಹಾ ತರಿಸಿದ. ಅಲ್ಲಿ ಗದಗಿನ ಎಲ್ಲ ಪ್ರೆಸ್ಸುಗಳ ಕತ್ತರಿಕೆ ಒಂದು ಗುಡ್ಡ. ನಮ್ಮದನ್ನು ಹೇಗೆ ಹುಡುಕಲಿ ಎಂದು ನಿಂತಿದ್ದಾಗ ಅವನೇ ಒಂದು ಹಿಡಿ ಎತ್ತಿ ತೋರಿಸಿದ.

"ಇವ ನೋಡ ನಿನ್ನವು. ಎಲ್ಲಾರ ಕಟಿಂಗು ಗೋಧಿ ಕಾಳಿನಷ್ಟ ಇರತಾವು. ಇವು ಬಟ್ಟಿನಷ್ಟ ಅಗಲ ಅದಾವು. ಏನಾಗೇತಿ ನಿನ್ನ ಕೈಗೆ, ಮೌಲಾ?"

ಕೈ ತಪ್ಪಿತು ಎಂದೆ.

ಮೂರು ದಿನ ಬೆಳಿಗ್ಗೆಯಿಂದ ಇಳಿಹೊತ್ತಿನ ಅಸರ್ ನಮಾಜಿನವರೆಗೆ ಆ ಗೋಣಿಯ ಮೇಲೆ ಕೂತು ಪಟ್ಟಿ ಪಟ್ಟಿ ಆರಿಸಿದೆ. ಕೆಂಪು ಗೆರೆ ಕೆಂಪು ಗೆರೆಗೆ ಕೂಡಬೇಕು, ಅರ್ಧ ಸಹಿ ಅರ್ಧ ಸಹಿಗೆ ಕೂಡಬೇಕು. ನೀನಾಗಿದ್ದರೆ ಕಾಗದ ಮುಟ್ಟಿಯೇ ಇದು ಯಾವ ಬಿಲ್ಲಿನದು ಎಂದು ಹೇಳುತ್ತಿದ್ದೆ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕಾಯಿತು.

ಹಿಂದಿನ ವರ್ಷಗಳಲ್ಲಿ ನೀನು ಏನು ಮಾಡುತ್ತಿದ್ದೆ ಎಂದು ಆವಾಗ ನೋಡಬೇಕೆನಿಸಿತು. ನಿನ್ನ ತಗಡಿನ ಪೆಟ್ಟಿಗೆ ತೆಗೆದೆ, ಕೇಳದೆ ತೆಗೆದದ್ದಕ್ಕೆ ಸಿಟ್ಟಾಗಬೇಡ. ಹೋದ ವರ್ಷದ ಕಾಗದ ಹನ್ನೆರಡು ಕಟ್ಟು ಇದ್ದವು, ತಿಂಗಳಿಗೊಂದು. ಪ್ರತಿ ಕಟ್ಟಿಗೂ ಬರೀ ಒಂದು ಸಡಿಲು ಟಾಕಿ. ದಾರದ ಒಂದು ತುದಿಯನ್ನು ನೀನು ಹೊರಗೆ ಬಿಟ್ಟಿದ್ದೆ. ನಾನು ಎಳೆದೆ. ಟಾಕಿ ಬಿಚ್ಚಿ ಇಡೀ ತಿಂಗಳು ಕೈಯಲ್ಲಿ ಬಿಡಿಯಾಯಿತು, ಒಂದು ಕಾಗದಕ್ಕೂ ನೋವಾಗಿರಲಿಲ್ಲ. ಸಂಜೀವರಿಗೆ ಬೇಕಾದದ್ದು ಇದು. ಒಂಬತ್ತು ವರ್ಷ ನಾನು ಅದನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೇನೆ, ಬಿಚ್ಚಿ ನೋಡಿರಲಿಲ್ಲ. ಬೈಂಡರನ ಮನೆಯಲ್ಲಿ ಬಿಚ್ಚಲಿಕ್ಕೆಂದೇ ಹೊಲಿದ ಹೊಲಿಗೆ ಇತ್ತು.

ಅಂಟಿಸಿದ ಕಾಗದ ತೆಗೆದುಕೊಂಡು ಜುಲೈ ಎರಡನೇ ವಾರ ಮತ್ತೆ ಸಂಜೀವರ ಹತ್ತಿರ ಹೋದೆ. ಈ ಪತ್ರ ಬರೆಯಲು ಕಾರಣವಾದ ಮಾತು ಅಲ್ಲಿ ಬಂತು. ಅವರು ಬಿಲ್ಲುಗಳನ್ನು ಕೂಡಿಸಿ, ವರ್ಷದಲ್ಲಿ ಹತ್ತೊಂಬತ್ತು ಸಾವಿರದ ಇನ್ನೂರ ನಲವತ್ತು ಪುಸ್ತಕ ಹೊಲಿದು ಕೊಟ್ಟಿದ್ದೀರಿ ಎಂದರು. ಹೌದು ಎಂದೆ. ಹೊಲಿಗೆಯ ಕೂಲಿ ಚೀಟಿ ಇರುವುದು ಕೂಲಿಗೆ ಬರುವ ಖಾತುನಬಿ ಒಬ್ಬಳದೇ, ಅದೂ ಏಳು ಸಾವಿರ ಪುಸ್ತಕಕ್ಕೆ.

"ಉಳದ ಹನ್ನೆರಡು ಸಾವಿರ ಯಾರ ಹೊಲದ್ರು?"

ನಾನು ಫ್ಯಾನು ನೋಡಿದೆ.

"ನಾಳೆ ಆಫೀಸರು ಕೇಳಿದ್ರ ಏನ ಹೇಳ್ತೀರಿ? ತಾವ ಹೊಲಕೊಂಡ್ವು ಅಂತೀರೇನು?"

ಮನೆಯಲ್ಲಿ ಹೊಲಿದರು ಎಂದೆ. ಮನೆಯಲ್ಲಿ ಯಾರು ಎಂದರು. ಕೌಸರಳ ತಾಯಿ ಎಂದೆ. ಅವರ ಹೆಸರೇನು ಎಂದರು. ಕೌಸರಳ ತಾಯಿ ಎಂದು ಇನ್ನೊಮ್ಮೆ ಹೇಳಿದೆ.

"ಹಂಗ ಬರದ್ರ ಕೌಸರ ಯಾರು ಅಂತ ಕೇಳ್ತಾರ್ರಿ. ಹೆಸರು ಹೇಳ್ರಿ."

ನಿನಗೆ ಗೊತ್ತಿದೆ, ನಮ್ಮಲ್ಲಿ ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಇಪ್ಪತ್ತೆರಡು ವರ್ಷ ನಾನು ಕರೆದಿಲ್ಲ. ಆದರೆ ಅವತ್ತು ನನ್ನ ನಾಲಿಗೆ ತಡೆದದ್ದು ರೂಢಿಯಲ್ಲ, ಫೆಬ್ರವರಿಯ ಆ ಮಂಗಳವಾರ. ಅದನ್ನು ಬರೆಯದೆ ಮುಂದೆ ಹೋಗಲು ಆಗುವುದಿಲ್ಲ.

ಕಸುಬುದಾರರಿಗೆ ಗುರುತಿನ ಚೀಟಿ ಕೊಡುತ್ತಾರೆಂದು ಒಬ್ಬ ಓಣಿಯಲ್ಲಿ ಹೆಸರು ಬರೆಯುತ್ತ ಬಂದಿದ್ದನಲ್ಲ. ನನ್ನ ಹೆಸರು, ವಯಸ್ಸು, ಕಸುಬು ಬರೆದುಕೊಂಡ. ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದ. ನಾನು ಅವನ ಮುಖ ಕೂಡ ನೋಡದೆ, "ಆಕಿ ಏನೂ ಮಾಡೂದಿಲ್ರಿ. ಮನಿಯಾಗ ಇರ್ತಾಳ" ಎಂದೆ. ಅವನು ಒಂದು ಅಡ್ಡಗೆರೆ ಎಳೆದು ಮುಂದಿನ ಮನೆಗೆ ಹೋದ. ಪರದೆಯ ಆಚೆ ನೀನು ಶಾಲೆಯ ಮುನ್ನೂರು ಹಾಜರಿ ಪುಸ್ತಕ ಹೊಲಿಯುತ್ತಿದ್ದೆ. ನಿನ್ನ ಸೂಜಿಯ ಸದ್ದು ನಿಂತದ್ದು ನನಗೆ ಕೇಳಿಸಿತು. ಮತ್ತೆ ಶುರುವಾದದ್ದೂ ಕೇಳಿಸಿತು. ಶುರುವಾಯಿತಲ್ಲ, ಸರಿ ಎಂದುಕೊಂಡೆ. ನೀನು ಮುನ್ನೂರನ್ನೂ ಮುಗಿಸಿದೆ, ಕೊನೆಯ ದಾರಕ್ಕೆ ಗಂಟು ಹಾಕಿದೆ, ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿ ಇಟ್ಟೆ. ಮರುದಿನ ಬೆಳಿಗ್ಗೆ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ. ಬರೀ ಮನೆಯಲ್ಲಿ ಇರುವುದೇ ಆದರೆ ಅಣ್ಣನ ಮನೆಯಲ್ಲೂ ಇರಬಲ್ಲೆ ಎಂದೆ. ನಾನು ಬಸ್ಸಿನ ಹೊತ್ತು ಹೇಳಿದೆ. ನೋಡು, ಅಷ್ಟೇ ನಾನು ಹೇಳಿದ್ದು. ಒಂಬತ್ತೂವರೆಗೆ ಒಂದು ಬಸ್ಸಿದೆ ಎಂದು.

ಕೌಸರ ಫೋನು ಮಾಡಿದಾಗಲೆಲ್ಲ ಅಬ್ಬಾ, ನೀವೇ ಹೋಗಿ ಕರೆತನ್ನಿ ಅನ್ನುತ್ತಾಳೆ. ರಿಟರ್ನ್ ಕೆಲಸ ಮುಗಿಯಲಿ ಅನ್ನುತ್ತಿದ್ದೆ.

ನಿಮ್ಮೂರ ಕಡೆ ಹೋಗೇ ಇಲ್ಲ ಎಂದು ಅವಳಿಗೆ ಹೇಳಿದ್ದೇನೆ. ಅದು ಸುಳ್ಳು. ಮುಂಡರಗಿ, ಶಿರಹಟ್ಟಿ ಎಂದು ಮೇಲೆ ಬರೆದೆನಲ್ಲ, ಲಕ್ಷ್ಮೇಶ್ವರವನ್ನು ಬಿಟ್ಟಿದ್ದೆ. ಅಲ್ಲಿಯ ಪ್ರೆಸ್ಸಿನಿಂದಲೂ ಒಂದು ಸರ್ಟಿಫಿಕೇಟು ಬೇಕಿತ್ತು. ಜುಲೈ ಇಪ್ಪತ್ತರಂದು ಬಂದಿದ್ದೆ. ಪ್ರೆಸ್ಸಿನ ಕ್ಲಾರ್ಕಿಗೆ ನಾನು ನಿನಗೆ ಏನಾಗಬೇಕು ಎಂದು ಗೊತ್ತಿರಲಿಲ್ಲ. ನನ್ನ ಹಳೆಯ ಬಿಲ್ಲು ಹುಡುಕುತ್ತ ಕೂಲಿ ಚೀಟಿಯ ಪುಸ್ತಕವನ್ನು ನನ್ನ ಮುಂದೆಯೇ ತೆರೆದ. ಹೊಲಿಗೆ, ನಾಲ್ಕುನೂರು ಪುಸ್ತಕ, ಕೆಳಗೆ ನಿನ್ನ ಸಹಿ. ಉರ್ದುವಿನಲ್ಲಿ ಇತ್ತು, ನನಗೆ ಓದಲು ಬರಲಿಲ್ಲ. ಕ್ಲಾರ್ಕೇ ನಿನ್ನ ಹೆಸರು ಹೇಳಿದ, ಹೊಸ ಹೆಣ್ಣುಮಗಳು, ಇಂಥ ಕೈ ಈ ಊರಿಗೆ ಬಂದಿರಲಿಲ್ಲ ಎಂದು. ನಿನ್ನ ಸಹಿಯನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಹತ್ತಿರ ಸಹಿ ಮಾಡುವ ಪ್ರಸಂಗ ನಿನಗೆ ಬಂದಿರಲೇ ಇಲ್ಲ.

ಆಮೇಲೆ ನಿಮ್ಮಣ್ಣನ ಮನೆಯ ಎದುರಿನ ಚಹಾದಂಗಡಿಯಲ್ಲಿ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ನಿಂತಿದ್ದೆ. ನೀನು ಪಡಸಾಲೆಯಲ್ಲಿ ಚಾಪೆ ಹಾಸಿ ಬೆಳಕಿಗೆ ಮುಖ ಮಾಡಿ ಕೂತಿದ್ದೆ. ದಾರ ಎಳೆದು ಹಲ್ಲಿನಿಂದ ಕಡಿದೆ. ತಲೆ ಎತ್ತಲಿಲ್ಲ. ಒಂಬತ್ತೂವರೆಯಂಥ ಬಸ್ಸು ಸಂಜೆಯೂ ಒಂದಿತ್ತು, ಹತ್ತಿ ಬಂದುಬಿಟ್ಟೆ.

ಊರಿಗೆ ಬಂದಾಗ ಸಂಜೀವರದು ಒಂದು ಕೆಲಸ ಬಾಕಿ ಇತ್ತು. ಮನೆಯಲ್ಲಿ ಹೊಲಿದದ್ದು ಇಷ್ಟೇ ಎನ್ನಲು ಏನಾದರೂ ಬರಹ ಇದೆಯೇ ನೋಡಿ ಎಂದಿದ್ದರು. ಎಲ್ಲಿಂದ ಬರಬೇಕು ಎಂದುಕೊಂಡು ಅಂಟಿಸಿದ ಬಿಲ್ಲುಗಳನ್ನು ತಿರುವುತ್ತ ಕೂತೆ. ಬಲಗಡೆಯ ಅಂಚಿನಲ್ಲಿ, ಬಿಲ್ಲು ಬಿಲ್ಲಿಗೂ ಸಣ್ಣ ಪೆನ್ಸಿಲ್ ಗುರುತು. ಗೀರು ಎಂದುಕೊಂಡಿದ್ದೆ. ಅದನ್ನು ಓಣಿಯ ಕೊನೆಯ ಮನೆಯಲ್ಲಿ ಮಕ್ಕಳಿಗೆ ಉರ್ದು ಹೇಳಿಕೊಡುವ ಅಲ್ಮಾಸಬಿಗೆ ಒಯ್ದು ತೋರಿಸಿದೆ. ಮುದುಕಿ ಕಣ್ಣಿನ ಹತ್ತಿರ ಹಿಡಿದು, ಇವು ಅಂಕಿಗಳು ಎಂದಳು. ಇನ್ನೂರು, ನೂರಾ ಐವತ್ತು, ಮುನ್ನೂರು. ಅವಳು ಓದುತ್ತ ಹೋದಳು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಇಪ್ಪತ್ತೆರಡು ವರ್ಷ ಕಣ್ಣ ಮುಂದೆ ಬರೆಯುತ್ತಿದ್ದಳಲ್ಲ, ಏನು ಎಂದು ಒಂದು ದಿನ ಕೇಳಲಿಲ್ಲವೇ ಎಂದಳು. ಕೇಳಿರಲಿಲ್ಲ.

ಕೂಡಿಸಿದೆ. ಹನ್ನೆರಡು ಸಾವಿರದ ಇನ್ನೂರ ಇಪ್ಪತ್ತೆಂಟು. ಸಂಜೀವರ ಲೆಕ್ಕಕ್ಕೆ ಹನ್ನೆರಡು ಪುಸ್ತಕ ಕಡಿಮೆ. ಎರಡು ಸಲ, ಮೂರು ಸಲ ಕೂಡಿಸಿದೆ. ಆಮೇಲೆ ನೆನಪಾಯಿತು. ನೀನು ಹೋದ ವಾರ ಬಾಳೆಹೊಸೂರ ಮಠದ ಹನ್ನೆರಡು ವಹಿಗಳನ್ನು ನಾನೇ ಹೊಲಿದಿದ್ದೆ. ಎರಡು ದಿನ ಹಿಡಿಯಿತು, ಬೆರಳು ಮೂರು ಕಡೆ ತೂತಾಯಿತು. ನಿನಗೆ ಅದು ಅಡುಗೆಗೆ ಮುಂಚಿನ ಕೆಲಸ. ನಿನ್ನ ಲೆಕ್ಕದಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಸಂಜೀವರು ಆ ಪಟ್ಟಿಯನ್ನು ತಾವೂ ಒಮ್ಮೆ ಕೂಡಿಸಿ ನೋಡಿದರು. ಗಂಡ ಹೆಂಡತಿಗೆ ಕೂಲಿ ಕೊಟ್ಟೆ ಎಂದು ಈಗ ಬರೆದರೆ ಅದೂ ತಿರುಗಿ ನನ್ನ ಗಳಿಕೆಗೇ ಕೂಡುತ್ತದೆ, ಟ್ಯಾಕ್ಸಿನಲ್ಲಿ ಏನೂ ಲಾಭ ಇಲ್ಲ, ಬೇಕೆಂದರೆ ಇದನ್ನೆಲ್ಲ ಬಿಟ್ಟು ತುಂಬಬಹುದು, ಯಾರೂ ಕೇಳಲಿಕ್ಕಿಲ್ಲ ಎಂದರು. ಇಲ್ಲ, ಬರೆಯಿರಿ ಎಂದೆ. ಅವರು ಪೆನ್ನು ನನಗೆ ಕೊಟ್ಟರು.

ಬಿಳಿ ಹಾಳೆಯ ಮೇಲೆ ನನ್ನ ಕೈಯಾರೆ ಬರೆದು, ಸಹಿ ಮಾಡಿ, ಕಾಗದಗಳ ಜೊತೆ ಇಟ್ಟಿದ್ದೇನೆ. ಅದರ ಝೆರಾಕ್ಸ್ ಈ ಪತ್ರದೊಂದಿಗೆ ಇದೆ. ಹೀಗಿದೆ: "ಸದರಿ ವರ್ಷದಲ್ಲಿ 12,228 ಪುಸ್ತಕಗಳನ್ನು ಹೊಲಿದವರು ನನ್ನ ಪತ್ನಿ ಜೈಬುನ್ನೀಸಾ. ಅವರಿಗೆ ಕೂಲಿ ಕೊಟ್ಟಿಲ್ಲ." ಎರಡೇ ಸಾಲು. ಬರೆದ ಮೇಲೆ ನೀರು ಕೇಳಿ ಕುಡಿದೆ.

ಹೊಸ ಚೀಟಿ ಪುಸ್ತಕ ಒಂದು ಮಾಡಿಟ್ಟಿದ್ದೇನೆ, ಅಂಚು ಕತ್ತರಿಸಿಲ್ಲ. ಮೇಲಿನ ಚೀಟಿಯಲ್ಲಿ ನಿನ್ನ ಹೆಸರು ಬರೆದಿದ್ದೇನೆ, ದರದ ಜಾಗ ಖಾಲಿ ಬಿಟ್ಟಿದ್ದೇನೆ. ಲಕ್ಷ್ಮೇಶ್ವರದ ಪ್ರೆಸ್ಸಿನವರು ಏನು ಕೊಡುತ್ತಾರೋ ನಾನು ಕೇಳಲಿಲ್ಲ. ನಿನ್ನ ದರ ನೀನೇ ಹೇಳು. ಬರುವ ರವಿವಾರ ನಾನು ಬರುತ್ತೇನೆ. ಈ ಸಲ ಚಹಾದಂಗಡಿಯಲ್ಲಿ ನಿಲ್ಲುವುದಿಲ್ಲ. ಬರಬೇಡ ಎನ್ನುವುದಾದರೆ ಒಂದು ಕಾರ್ಡು ಹಾಕು, ಬರುವುದಿಲ್ಲ. ನಿನ್ನ ಸೂಜಿ ಮೇಣದ ಉಂಡೆಯಲ್ಲಿ ಹಾಗೇ ಇದೆ, ಖಾತುನಬಿಗೂ ಮುಟ್ಟಲು ಕೊಟ್ಟಿಲ್ಲ.

ನಿನ್ನ
ಮೌಲಾಸಾಬ

ತಾ.ಕ.: ಜೈಬುನ್ನೀಸಾ, ಅಂಚು ಕತ್ತರಿಸಿದ್ದು ಕೈಚಟ ಎಂದು ಮೇಲೆ ಬರೆದಿದ್ದೇನೆ. ಲಾಡಸಾಬನಿಗೆ ಕೈ ತಪ್ಪಿತು ಎಂದು ಹೇಳಿದೆ. ಕೈಚಟಕ್ಕೆ ಗೋಧಿ ಕಾಳಿನಷ್ಟು ಸಾಕು. ನಾನು ಬಲಗಡೆ ಮಾತ್ರ ಬ್ಲೇಡನ್ನು ಒಂದು ಬೆರಳಿನಷ್ಟು ಒಳಗೆ ಸರಿಸಿ ಕತ್ತರಿಸಿದ್ದೆ. ಆ ಪೆನ್ಸಿಲ್ ಗುರುತುಗಳು ನನಗೆ ಮೊದಲೇ ಕಂಡಿದ್ದವು. ಏನೆಂದು ಗೊತ್ತಿರಲಿಲ್ಲ, ನಿನ್ನವು ಎಂದು ಗೊತ್ತಿತ್ತು. ನೀನು ಹೋದ ಸಿಟ್ಟಿನಲ್ಲಿ ಅವು ಕಾಣಬಾರದು ಅನ್ನಿಸಿತ್ತು. ಸಂಜೀವರ ಕೆಲಸ ಮುಗಿದ ಮೇಲೆ ಆ ಪಟ್ಟಿಗಳನ್ನೆಲ್ಲ ಬಿಲ್ಲಿನಿಂದ ಒದ್ದೆ ಮಾಡಿ ಬಿಡಿಸಿ, ಒಣಗಿಸಿ ಒಂದು ಕಟ್ಟು ಮಾಡಿದ್ದೇನೆ. ಒಂದೇ ಸಡಿಲು ಟಾಕಿ ಹಾಕಿದ್ದೇನೆ. ದಾರದ ತುದಿ ಹೊರಗಿದೆ.